ಸಂತೆಯ ಸೊಪ್ಪು, ಕಾಲುವೆಯ ನೀರು

(ವಿಶಾಖಪಟ್ಟಣದಲ್ಲಿ ನಡೆದ ಸಂಘದ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೊರನಾಡಿನ ಕನ್ನಡ ಸಂಘದ ವೇದಿಕೆಯಲ್ಲಿ ಸಾಮಾನ್ಯವಾಗಿ ಭಾಷೆಯ ಅಳಿವು ಉಳಿವು, ಗಡಿಯ ಸಮಸ್ಯೆ, ನಮ್ಮ ಮಕ್ಕಳ ಕನ್ನಡ, ಇಂಥ ವಿಷಯಗಳನ್ನು ಕುರಿತು ಉಪನ್ಯಾಸಗಳು ನಡೆಯುತ್ತವೆ. ನಾನು ಸೊಪ್ಪು ತರಕಾರಿಗಳನ್ನು ಕುರಿತು ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡುಗೆಯ ಕಾರ್ಯಕ್ರಮ ಮಹಿಳಾ ವಿಭಾಗದ್ದಲ್ಲವೆ?" ಎಂದು ಕೇಳಿದರು. ಅವರ ಸಂದೇಹ ಸಹಜವಾದುದೇ. ಆದರೆ ಹೊರನಾಡಿಗೆ ಬಂದವನು ಆ ನಾಡಿನ ಭಾಷೆಯನ್ನು ಕಲಿಯುವುದಕ್ಕೆ ಮೊದಲೇ ಅದರ ಅನ್ನ ನೀರನ್ನು ಸ್ವೀಕರಿಸಿರುತ್ತಾನೆ. ನಾವು ಪುಂಡಿ ಸೊಪ್ಪನ್ನು ಗೋಂಗೂರ ಎಂದು ಕರೆಯಲು ಕಲಿತದ್ದು, ದಂಟಿನ ಸೊಪ್ಪನ್ನು ತೋಟಕೂರ ಎಂದು ಕೇಳಿ ಕೊಂಡದ್ದು ಯಾವ ಪಠ್ಯಪುಸ್ತಕದಿಂದಲೂ ಅಲ್ಲ. ಈ ನೆಲದೊಡನೆ ನಮಗಿರುವ ಮೊದಲ ಸಂಬಂಧ ಅದರ ಸಂತೆಯಲ್ಲಿದೆ. ಆ ಸಂತೆಯ ಸೊಪ್ಪಿನಲ್ಲಿ ಏನು ಸೇರುತ್ತಿದೆ ಎಂದು ವಿಚಾರಿಸುವುದು ಸಂಘದ ಕೆಲಸವೇ ಎಂದು ನಾನು ಭಾವಿಸಿದ್ದೇನೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ತರಕಾರಿಯಲ್ಲಿ ವಿಷ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಹಸಿರು ಬಣ್ಣ ಬಳಿದ ಬಟಾಣಿ, ಹಾಗಲಕಾಯಿ. ಅದು ಕಲಬೆರಕೆ, ವ್ಯಾಪಾರಿಯೊಬ್ಬ ಲಾಭಕ್ಕಾಗಿ ಬೇಕೆಂದೇ ಮಾಡುವ ಕೃತ್ಯ. ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರೆ ಬಣ್ಣ ಹತ್ತಿಗೆ ಅಂಟುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಎರಡನೆಯದು ಕೀಟನಾಶಕ. ಅದೂ ಬೇಕೆಂದೇ ಸಿಂಪಡಿಸಿದ್ದು. ಆದರೆ ಬಿಸಿಲು, ಮಳೆ, ಕಾಲ ಇವುಗಳಿಂದ ಅದರಲ್ಲಿ ಬಹುಪಾಲು ಕ್ರಮೇಣ ಕ್ಷೀಣಿಸುತ್ತದೆ. ಮೂರನೆಯದೇ ಭಾರಲೋಹ. ಸೀಸ, ಕ್ಯಾಡ್ಮಿಯಂ, ಪಾದರಸ, ನಿಕ್ಕಲ್, ಕ್ರೋಮಿಯಂ ಈ ಗುಂಪಿನವು. ಇದನ್ನು ಬೆಳೆಗೆ ಯಾರೂ ಬೇಕೆಂದು ಹಾಕುವುದಿಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸೊಪ್ಪಿನ ರುಚಿ ಕೆಡುವುದಿಲ್ಲ. ಕೊಳಚೆ ನೀರು ಕುಡಿದ ಪಾಲಕ್ ಎಷ್ಟೋ ವೇಳೆ ಬಾವಿ ನೀರಿನದಕ್ಕಿಂತ ಹೆಚ್ಚು ಹಚ್ಚಗೆ, ಹೆಚ್ಚು ಅಗಲವಾದ ಎಲೆಯೊಂದಿಗೆ ಬೆಳೆದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಲೋಹವೆಂಬುದು ಮೂಲವಸ್ತು. ಅದು ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ. ಮಣ್ಣಿಗೆ ಬಿದ್ದ ಕ್ಯಾಡ್ಮಿಯಂ ಮಣ್ಣಿನಲ್ಲೇ ಇರುತ್ತದೆ, ಇಲ್ಲವೇ ಸೊಪ್ಪಿನ ಬೇರಿನ ಮೂಲಕ ನಮ್ಮ ತಟ್ಟೆಗೆ ಬರುತ್ತದೆ. ದೇಹದೊಳಗೆ ಹೋದ ಮೇಲೆ ಮೂತ್ರಪಿಂಡದಲ್ಲಿ ಅದು ನೆಲೆಸುವ ಅವಧಿಯನ್ನು ದಿನಗಳಲ್ಲಿ ಎಣಿಸಲಾಗದು. ಅದರ ಅರ್ಧದಷ್ಟು ಹೊರಹೋಗುವುದಕ್ಕೆ ಹತ್ತರಿಂದ ಮೂವತ್ತು ವರ್ಷಗಳು ಬೇಕು.

ಈ ಪ್ರಾಂತದಲ್ಲಿ ಭಾರಲೋಹ ಎಂಬ ಪದ ಮನೆಮನೆಯ ಮಾತಾದದ್ದು 2020ರ ಡಿಸೆಂಬರಿನಲ್ಲಿ. ವಿಜಯವಾಡದಿಂದ ಸುಮಾರು 60 ಕಿಲೋಮೀಟರು ದೂರದ ಏಲೂರಿನಲ್ಲಿ ಆ ತಿಂಗಳ ಮೊದಲ ವಾರ ಜನರು ಇದ್ದಕ್ಕಿದ್ದಂತೆ ರಸ್ತೆಯಲ್ಲಿ, ಮನೆಯಲ್ಲಿ ಕುಸಿದು ಬೀಳತೊಡಗಿದರು. ಅಪಸ್ಮಾರದಂತೆ ಸೆಳವು, ಬಾಯಲ್ಲಿ ನೊರೆ, ಕೆಲವು ನಿಮಿಷ ಪ್ರಜ್ಞೆ ಇಲ್ಲ. ಆಮೇಲೆ ಎದ್ದು ಕೂತು ಏನಾಯಿತೆಂದು ಕೇಳುವವರು. ಕೆಲವೇ ದಿನಗಳಲ್ಲಿ ಆರು ನೂರಕ್ಕೂ ಮಿಕ್ಕಿ ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಕೊರೋನಾದ ಭಯದಲ್ಲಿ ಮುಖ ಮುಚ್ಚಿಕೊಂಡಿದ್ದ ಊರಿಗೆ ಇನ್ನೊಂದು ಭಯ ಬಂತು. ರೋಗಿಗಳನ್ನು ವಿಜಯವಾಡಕ್ಕೂ ತಂದರು. ಇಲ್ಲಿರುವ ವಿಜಯವಾಡದ ಮಿತ್ರರಿಗೆ ಆ ದಿನಗಳು ನೆನಪಿರಬಹುದು. ದೆಹಲಿಯ ಏಮ್ಸ್ ಸಂಸ್ಥೆ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಸೀಸ ಮತ್ತು ನಿಕ್ಕಲ್ ಇವೆಯೆಂದು ತಿಳಿಸಿತು. ಆ ಒಂದು ವಾರ ಸಂತೆಯಲ್ಲಿ ತರಕಾರಿ ಕೊಳ್ಳುವವರ ಕೈ ಹಿಂದೇಟು ಹಾಕಿತು. ಅನಂತರ ಡಿಸೆಂಬರ್ 16ರ ಹೊತ್ತಿಗೆ ಏಮ್ಸ್ ಮತ್ತು ನಾಗಪುರದ ನೀರಿ ಸಂಸ್ಥೆಯ ತಜ್ಞರು ಮುಖ್ಯಮಂತ್ರಿಗಳಿಗೆ ಸಲ್ಲಿಸಿದ ವರದಿಗಳಲ್ಲಿ ಕೀಟನಾಶಕದ ಅವಶೇಷವೇ ಮುಖ್ಯ ಕಾರಣವೆಂಬ ಅಭಿಪ್ರಾಯ ಬಂತು.

ಅಲ್ಲಿಗೆ ಜನರು ನಿಟ್ಟುಸಿರು ಬಿಟ್ಟರು. ಸೀಸ ಅಲ್ಲವಂತೆ, ಬರೀ ಕೀಟನಾಶಕವಂತೆ ಎಂದು! ಈ ನಿಟ್ಟುಸಿರೇ ನನ್ನನ್ನು ಯೋಚನೆಗೆ ಹಚ್ಚಿತು. ಜನರನ್ನು ಬೀಳಿಸಿದ್ದು ಸೀಸವಲ್ಲ ಎಂಬುದು ಒಂದು ಮಾತು. ಪರೀಕ್ಷೆಗೆ ಹೋದ ರಕ್ತದಲ್ಲಿ ಸೀಸ ಇತ್ತು ಎಂಬುದು ಇನ್ನೊಂದು ಮಾತು. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದೊಡನೆ ಎರಡನೆಯದನ್ನು ಊರು ಮರೆಯಿತು. ಸೀಸವು ಯಾರನ್ನೂ ರಸ್ತೆಯಲ್ಲಿ ಬೀಳಿಸಿ ಪತ್ರಿಕೆಯ ಮೊದಲ ಪುಟಕ್ಕೆ ಬರುವ ಜಾತಿಯದಲ್ಲ. ಅದು ಮಗುವಿನ ಏಕಾಗ್ರತೆಯನ್ನು ತಗ್ಗಿಸುತ್ತದೆ, ಬುದ್ಧಿಯನ್ನು ನಾಲ್ಕಾರು ಅಂಕದಷ್ಟು ಕುಗ್ಗಿಸುತ್ತದೆ, ದೊಡ್ಡವರ ರಕ್ತದೊತ್ತಡವನ್ನು ಏರಿಸುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗನಿಗೆ ನಾವು ಸೋಮಾರಿ ಎಂದು ಗದರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿಯು 2010ರಲ್ಲಿ ಸೀಸಕ್ಕೆ ತಾನು ಹಿಂದೆ ಹಾಕಿದ್ದ ಸಹನೀಯ ಮಿತಿಯನ್ನೇ ಹಿಂತೆಗೆದುಕೊಂಡಿತು. ಇಷ್ಟರವರೆಗೆ ಅಪಾಯವಿಲ್ಲ ಎಂದು ಹೇಳುವಂಥ ಯಾವ ಪ್ರಮಾಣವೂ ಅದಕ್ಕೆ ಕಾಣಲಿಲ್ಲ.

ಈಗ ವಿಜಯವಾಡದ ನೀರಿನ ಕಡೆಗೆ ಬರೋಣ. ಕೃಷ್ಣೆಗೆ ಅಡ್ಡಲಾಗಿ ಅಲ್ಲಿ ಬ್ರಿಟಿಷರು 1850ರ ದಶಕದಲ್ಲಿ ಕಟ್ಟಿದ ಆಣೆಕಟ್ಟಿನ ಜಾಗದಲ್ಲಿ 1957ರಲ್ಲಿ ಪ್ರಕಾಶಂ ಬ್ಯಾರೇಜು ಸಿದ್ಧವಾಯಿತು. ಅದರ ಎಡದಂಡೆಯಿಂದ ಹೊರಟ ಬಂದರು ಕಾಲುವೆ, ರೈವ್ಸ್ ಕಾಲುವೆ, ಏಲೂರು ಕಾಲುವೆಗಳು ನಗರದ ನಡುವೆಯೇ ಹಾದು ಡೆಲ್ಟಾದ ಗದ್ದೆಗಳಿಗೆ ಹೋಗುತ್ತವೆ. ಕಾಲುವೆಗಳು ಮೊದಲು, ನಗರ ಆಮೇಲೆ. ನಗರವು ಬೆಳೆಯುತ್ತ ಬೆಳೆಯುತ್ತ ಅವುಗಳ ದಂಡೆಗೆ ಬೆನ್ನು ಹಾಕಿ ಮನೆ ಕಟ್ಟಿಕೊಂಡು, ತನ್ನ ಕೊಳಚೆಯನ್ನು ಅವಕ್ಕೇ ಬಿಟ್ಟಿತು. ಬಚ್ಚಲಿನ ನೀರಿನಲ್ಲಿ ಮಲಿನತೆ ಇರುತ್ತದೆಯೇ ಹೊರತು ಲೋಹ ಅಷ್ಟಾಗಿ ಇರದು. ಲೋಹ ಬರುವುದು ದುಡಿಮೆಯ ಸ್ಥಳಗಳಿಂದ: ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೊಟ್ಟಿಗೆ, ನಿಕ್ಕಲ್ ಕ್ರೋಮಿಯಂ ಲೇಪ ಕೊಡುವ ಸಣ್ಣ ಘಟಕ, ವಾಹನಗಳಿಗೆ ಬಣ್ಣ ಹೊಡೆಯುವ ಷೆಡ್ಡು. ವಿಜಯವಾಡದ ಆಟೋನಗರವು ದೇಶದ ದೊಡ್ಡ ವಾಹನ ದುರಸ್ತಿ ಪ್ರದೇಶಗಳಲ್ಲೊಂದು. ನಮ್ಮೆಲ್ಲರ ಕಾರು ಸ್ಕೂಟರುಗಳ ಹಳೆಯ ಬ್ಯಾಟರಿಗಳು ಇಂಥ ಪ್ರದೇಶಗಳಿಗೇ ಹೋಗುತ್ತವೆ. ಹೊಸ ಬ್ಯಾಟರಿಯ ಬಿಲ್ಲಿನಲ್ಲಿ ಹಳೆಯದಕ್ಕೆ ಎಷ್ಟು ವಜಾ ಮಾಡಿದರೆಂದು ನೋಡುವ ನಾವು ಅದು ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ.

ಆ ನಗರದಲ್ಲಿ ನಾನು ಕೆಲವು ವರ್ಷ ಇದ್ದೆ. ಬಂದರು ರಸ್ತೆಯ ಕಡೆ ಬುಟ್ಟಿಯಲ್ಲಿ ಸೊಪ್ಪು ಮಾರುತ್ತಿದ್ದ ವಯಸ್ಸಾದ ಹೆಂಗಸೊಬ್ಬಳನ್ನು ಒಮ್ಮೆ, "ಏ ನೀಳ್ಳತೋ ಪಂಡಿಂಚಾರಮ್ಮಾ?" ಎಂದು ಕೇಳಿದೆ. ಯಾವ ನೀರಿನಲ್ಲಿ ಬೆಳೆದದ್ದು ಎಂಬ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. "ಕಾಲವ ನೀಳ್ಳೇ ಬಾಬೂ, ಇಂಕೇಮುಂದಿ?" ಎಂದಳು. ಕಾಲುವೆ ನೀರೇ, ಮತ್ತಿನ್ನೇನಿದೆ? ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಅವಳ ಅಜ್ಜಿಗೂ ಅದೇ ಉತ್ತರವಿತ್ತು, ಮತ್ತು ಅಜ್ಜಿಯ ಕಾಲದಲ್ಲಿ ಅದು ಹೆಮ್ಮೆಯ ಉತ್ತರವಾಗಿತ್ತು. ಕಾಲುವೆ ನೀರಿನ ಬೆಳೆ ಎಂದರೆ ಬರವಿಲ್ಲದ ಬೆಳೆ.

ಈ ಕೃಷ್ಣೆ ನಮ್ಮ ನಾಡನ್ನು ಹಾದು ಬಂದವಳು. ಆಲಮಟ್ಟಿ, ನಾರಾಯಣಪುರ, ರಾಯಚೂರು ದಾಟಿ, ತುಂಗಭದ್ರೆಯನ್ನು ಕೂಡಿಕೊಂಡು ಇಲ್ಲಿಗೆ ಬರುತ್ತಾಳೆ. ಅವಳ ನೀರಿಗಾಗಿ ನಾವೂ ನಮ್ಮ ಆತಿಥೇಯರೂ ಎಷ್ಟು ದಶಕಗಳಿಂದ ನ್ಯಾಯಾಧಿಕರಣದ ಮೆಟ್ಟಿಲು ಹತ್ತಿದ್ದೇವೆಂಬುದು ನಿಮಗೆ ಗೊತ್ತು. 1973ರ ಬಚಾವತ್ ತೀರ್ಪು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ಎಂದು ಹಂಚಿತು. ಈ ಅಂಕಿಗಳನ್ನು ನಮ್ಮಲ್ಲಿ ಅನೇಕರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಹಂಚಿಕೆಯಾದದ್ದು ಪ್ರಮಾಣ. ಆ ನೀರಿನಲ್ಲಿ ಏನು ಕರಗಿದೆ ಎಂಬುದರ ಬಗ್ಗೆ ಅಷ್ಟೇ ಆವೇಶದಿಂದ ಎರಡು ರಾಜ್ಯಗಳ ನಾಯಕರು ಎದುರುಬದುರು ಕೂತದ್ದನ್ನು ನಾನು ಕಂಡಿಲ್ಲ. 1980ರ ದಶಕದಲ್ಲಿ ಹರಿಹರದ ಬಳಿ ತುಂಗಭದ್ರೆಯ ಮೀನು ಸತ್ತಾಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಧ್ವನಿಯೆತ್ತಿತು. ಆ ಹೋರಾಟ ನಡೆದದ್ದು ದಂಡೆಯ ಹಳ್ಳಿಗಳವರಿಗಾಗಿ. ಅದೇ ನದಿಯ ಕೆಳಗಿನ ತುದಿಯಲ್ಲಿ ಕಾಲುವೆ ನೀರಿನ ಸೊಪ್ಪು ಕೊಳ್ಳುವವರು ನಾವು, ಈ ಹೊರನಾಡಿಗರು. ಟಿಎಂಸಿಯ ಜಗಳದಲ್ಲಿ ನಮ್ಮದು ಎರಡೂ ಕಡೆಯ ಇಕ್ಕಟ್ಟು. ನೀರಿನ ಗುಣದ ವಿಷಯದಲ್ಲಿಯಾದರೂ ಎರಡೂ ಕಡೆಯವರಿಗೆ ಒಂದೇ ಮಾತನ್ನು ಹೇಳುವ ಅವಕಾಶ ನಮಗಿದೆ.

ವಿಶಾಖಪಟ್ಟಣದ ಕಥೆ ಬೇರೆ. ಇಲ್ಲಿ ಸಮಸ್ಯೆಯ ಬಹುಪಾಲು ನಮ್ಮ ಸುತ್ತಲ ಮಣ್ಣಿನದು, ಗಾಳಿಯದು. 1957ರಲ್ಲಿ ತೈಲ ಶುದ್ಧೀಕರಣಾಗಾರ, 1960ರ ದಶಕದಲ್ಲಿ ರಸಗೊಬ್ಬರ ಕಾರ್ಖಾನೆ, 1977ರಲ್ಲಿ ಸತುವಿನ ಕುಲುಮೆ, 1990ರ ದಶಕದ ಆದಿಯಲ್ಲಿ ಉಕ್ಕಿನ ಕಾರ್ಖಾನೆ, ಆಮೇಲೆ ಸಿಂಹಾದ್ರಿ ವಿದ್ಯುತ್ ಸ್ಥಾವರ, ಪರವಾಡದ ಔಷಧ ನಗರಿ. ಇವೆಲ್ಲವೂ ಗುಡ್ಡಗಳ ನಡುವಣ ಬೋಗುಣಿಯಂಥ ಈ ಊರಿನಲ್ಲಿ, ಇದರ ದಕ್ಷಿಣದ ಸೆರಗಿನಲ್ಲಿ ಬಂದವು. ನಮ್ಮ ಸಂಘದ ಸದಸ್ಯತ್ವದ ಪಟ್ಟಿಯನ್ನು ತೆರೆದರೆ ಇವೇ ಹೆಸರುಗಳು ಉದ್ಯೋಗದ ಕಾಲಂನಲ್ಲಿ ಕಾಣುತ್ತವೆ. ನಮ್ಮನ್ನು ಇಲ್ಲಿಗೆ ಕರೆತಂದದ್ದು, ಮಕ್ಕಳನ್ನು ಓದಿಸಿದ್ದು ಇವೇ ಸಂಬಳಗಳು. ಆದುದರಿಂದ ಕಾರ್ಖಾನೆಗಳನ್ನು ಶಪಿಸುವುದಕ್ಕೆ ನಾನು ನಿಂತಿಲ್ಲ. ಆದರೆ ಲೆಕ್ಕ ಲೆಕ್ಕವೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಅಳೆದು 43ನ್ನು ತೀವ್ರ ಮಾಲಿನ್ಯಪೀಡಿತವೆಂದು ಗುರುತಿಸಿತು. 70ಕ್ಕಿಂತ ಹೆಚ್ಚು ಅಂಕ ಪಡೆದವು ಆ ಪಟ್ಟಿಗೆ ಸೇರಿದವು. ವಿಶಾಖಪಟ್ಟಣಕ್ಕೆ ಬಂದದ್ದು 70.82. ಇದನ್ನು ಕೇಳಿ ಕರ್ನಾಟಕದಲ್ಲಿ ಮನೆ ಕಟ್ಟಿಸಲು ಹೊರಟವರು ಇನ್ನೆರಡು ಹೆಸರುಗಳನ್ನೂ ಕೇಳಿಸಿಕೊಳ್ಳಬೇಕು: ಅದೇ ಪಟ್ಟಿಯಲ್ಲಿ ಮಂಗಳೂರು, ಭದ್ರಾವತಿ ಇದ್ದವು, ನಮಗಿಂತ ಮೇಲಿನ ಅಂಕಗಳೊಂದಿಗೆ.

ಸತುವಿನ ಕುಲುಮೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಸರ್ಗದಲ್ಲಿ ಕ್ಯಾಡ್ಮಿಯಂ ಸತುವಿನ ಅದಿರಿನ ಜೊತೆಗೇ ಇರುತ್ತದೆ. ಸತು ತೆಗೆಯುವಲ್ಲೆಲ್ಲ ಕ್ಯಾಡ್ಮಿಯಂನ ವಿಲೇವಾರಿಯ ಪ್ರಶ್ನೆ ಹುಟ್ಟುತ್ತದೆ. ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿಂಜೂ ಎಂಬ ನದಿಯಿದೆ. ಅದರ ಮೇಲ್ಭಾಗದ ಕಮಿಯೋಕಾ ಗಣಿಯಲ್ಲಿ ಸತು ಸೀಸಗಳನ್ನು ತೆಗೆಯುತ್ತಿದ್ದರು. ಕೆಳಭಾಗದ ರೈತರು ಆ ನದಿಯ ನೀರಿನಲ್ಲಿ ಭತ್ತ ಬೆಳೆದು ಉಣ್ಣುತ್ತಿದ್ದರು. ಹಲವು ಹೆತ್ತ, ವಯಸ್ಸು ಕಳೆದ ಹೆಂಗಸರ ಎಲುಬುಗಳು ಕೆಮ್ಮಿದರೆ ಮುರಿಯುವಷ್ಟು ಟೊಳ್ಳಾದವು. ಅವರು ನೋವಿನಿಂದ "ಇತಾಯಿ, ಇತಾಯಿ" ಎಂದು ಕೂಗುತ್ತಿದ್ದುದೇ ಆ ರೋಗದ ಹೆಸರಾಯಿತು. ಜಪಾನ್ ಸರ್ಕಾರ ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು 1968ರಲ್ಲಿ ಒಪ್ಪಿತು; 1971ರಲ್ಲಿ ನ್ಯಾಯಾಲಯ ರೋಗಿಗಳ ಪರವಾಗಿ ತೀರ್ಪು ಕೊಟ್ಟಿತು. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು ಮಾತ್ರ 2012ರಲ್ಲಿ. ಕಾಕತಾಳೀಯವಾಗಿ ವಿಶಾಖಪಟ್ಟಣದ ಸತುವಿನ ಕುಲುಮೆ ನಿಂತದ್ದೂ 2012ರಲ್ಲೇ. ಇಲ್ಲಿ ಜಿಂಜೂ ನದಿಯ ದುರಂತ ನಡೆದಿದೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ವರದಿ ಮಾಡಬೇಡಿ. ಕುಲುಮೆ ಆರಿದ ಮಾತ್ರಕ್ಕೆ ಅದು ಮೂವತ್ತೈದು ವರ್ಷ ನಿಂತಿದ್ದ ನೆಲದ ಕಡತವನ್ನು ಮುಚ್ಚಲು ಬರುವುದಿಲ್ಲ ಎಂದಷ್ಟೇ ನನ್ನ ಮಾತು. 2020ರ ಮೇ 7ರ ಬೆಳಗಿನ ಜಾವ ವೆಂಕಟಾಪುರದಲ್ಲಿ ಸ್ಟೈರೀನ್ ಅನಿಲ ಸೋರಿ ಹನ್ನೆರಡು ಜನ ಸತ್ತಾಗ ಇಡೀ ದೇಶ ಈ ಊರಿನ ಕಡೆ ತಿರುಗಿ ನೋಡಿತು. ಮೂವತ್ತು ವರ್ಷದಲ್ಲಿ ನಡೆಯುವ ಸೋರಿಕೆಗೆ ಕ್ಯಾಮೆರಾಗಳು ಬರುವುದಿಲ್ಲ.

ಇನ್ನು ಸ್ವಲ್ಪ ಗಣಿತ. ನಮ್ಮ ದೇಶದ ಇಂದಿನ ನಿಯಮದ ಪ್ರಕಾರ ಒಂದು ಕಿಲೋ ಸೊಪ್ಪಿನಲ್ಲಿ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ ಮೀರಬಾರದು. ಹತ್ತು ಟನ್ ಸೊಪ್ಪು ತುಂಬಿದ ಲಾರಿಯೊಂದನ್ನು ಕಲ್ಪಿಸಿಕೊಳ್ಳಿ. ಅಷ್ಟರಲ್ಲಿ ಒಟ್ಟು ಎರಡು ಗ್ರಾಂ ಕ್ಯಾಡ್ಮಿಯಂ. ಇಷ್ಟು ಸೂಕ್ಷ್ಮವಾದುದನ್ನು ಕಣ್ಣು, ಮೂಗು, ನಾಲಿಗೆ ಹಿಡಿಯಲಾರವು. ವಿಶ್ವಸಂಸ್ಥೆಯ ತಜ್ಞರ ಪ್ರಕಾರ ದೇಹತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಸಹನೀಯ. ಅರವತ್ತು ಕಿಲೋ ತೂಕದವರಿಗೆ ಅದು ತಿಂಗಳಿಗೆ 1.5 ಮಿಲಿಗ್ರಾಂ ಆಯಿತು. ಅವರು ದಿನಕ್ಕೆ ನೂರು ಗ್ರಾಂ ಸೊಪ್ಪು ತಿಂದರೆ, ಆ ಸೊಪ್ಪು ಕಾನೂನಿನ ಮಿತಿಯ ಅಂಚಿನಲ್ಲಿದ್ದರೆ, ತಿಂಗಳಿಗೆ 0.6 ಮಿಲಿಗ್ರಾಂ ಅದೊಂದರಿಂದಲೇ ಬರುತ್ತದೆ. ಉಳಿದುದಕ್ಕೆ ಅನ್ನವಿದೆ, ಬೇರೆ ತರಕಾರಿಗಳಿವೆ. ಬೀಡಿ ಸಿಗರೇಟು ಸೇದುವವರಿಗೆ ಅದೂ ಇದೆ, ಏಕೆಂದರೆ ಹೊಗೆಸೊಪ್ಪು ಕ್ಯಾಡ್ಮಿಯಂನ ದೊಡ್ಡ ಗಿರಾಕಿ. ಹಳೆಯ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿ ಕ್ಯಾಡ್ಮಿಯಂನ ಮಿತಿ ಸೊಪ್ಪು ಸೇರಿದಂತೆ ಬಹುತೇಕ ಆಹಾರಕ್ಕೆ ಕಿಲೋಗೆ 1.5 ಮಿಲಿಗ್ರಾಂ ಇತ್ತು. ಆ ಮಿತಿಯ ಸೊಪ್ಪನ್ನು ದಿನಕ್ಕೆ ನೂರು ಗ್ರಾಂ ತಿಂದಿದ್ದರೆ ತಿಂಗಳಿಗೆ 4.5 ಮಿಲಿಗ್ರಾಂ, ಅಂದರೆ ಇಂದು ಸಹನೀಯವೆನ್ನುವುದರ ಮೂರರಷ್ಟು. ನಮ್ಮ ತಲೆಮಾರಿನವರು ಬೆಳೆದದ್ದು ಆ ಮಿತಿಯ ಕೆಳಗೆ, ಕಾನೂನುಬದ್ಧವಾಗಿ.

ಎಲ್ಲ ತರಕಾರಿಗಳೂ ಒಂದೇ ಸಮನಾಗಿ ಲೋಹವನ್ನು ಹೀರುವುದಿಲ್ಲ. ಪಾಲಕ್, ದಂಟು, ಕೊತ್ತಂಬರಿ ಮೊದಲಾದ ಸೊಪ್ಪುಗಳು ಹೆಚ್ಚು. ಮೂಲಂಗಿ, ಗಜ್ಜರಿ ಮೊದಲಾದ ಗೆಡ್ಡೆಗಳು ಅನಂತರ. ಹೀರೆ, ಸೋರೆ, ಅವರೆಗಳಂಥ ಕಾಯಿಗಳು ಸಾಮಾನ್ಯವಾಗಿ ಕಡಿಮೆ. ಸೀಸವು ಬೇರಿನಿಂದ ಸುಲಭವಾಗಿ ಮೇಲೇರದು, ಅದು ಬಹುಮಟ್ಟಿಗೆ ಧೂಳಾಗಿ ಎಲೆಯ ಮೇಲೆ ಕೂರುತ್ತದೆ. ಆದುದರಿಂದ ಎರಡು ಮೂರು ನೀರಿನಲ್ಲಿ ತೊಳೆದರೆ ಒಂದು ಭಾಗ ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಹುಳಿ ಮಣ್ಣಿನಲ್ಲಿ ಅದು ಸರಾಗವಾಗಿ ಕರಗಿ ಎಲೆಯೊಳಗೇ ಸೇರುವುದರಿಂದ ಉಪ್ಪುನೀರು, ಹುಣಸೆನೀರು, ಅಂಗಡಿಯಲ್ಲಿ ಮಾರುವ ತರಕಾರಿ ತೊಳೆಯುವ ದ್ರಾವಣ, ಯಾವುದೂ ಅದನ್ನು ಮುಟ್ಟಲಾರದು.

ಇಲ್ಲಿ ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ದೇಹದಲ್ಲಿ ಕಬ್ಬಿಣದ ಕೊರತೆಯಿದ್ದಾಗ ಕರುಳು ಕಬ್ಬಿಣಕ್ಕಾಗಿ ತೆರೆದ ಬಾಗಿಲಿನಿಂದಲೇ ಕ್ಯಾಡ್ಮಿಯಂ, ಸೀಸಗಳೂ ಹೆಚ್ಚಾಗಿ ನುಗ್ಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆ. ರಕ್ತಹೀನತೆಗೆ ವೈದ್ಯರು ಏನು ಹೇಳುತ್ತಾರೆ? ಸೊಪ್ಪು ತಿನ್ನಿ ಎನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಆದರೆ ಒಂದೇ ಕೆಟ್ಟ ನೀರಿನ ಸೊಪ್ಪನ್ನು ಒಂದೇ ಮನೆಯಲ್ಲಿ ಉಂಡರೂ ಗಂಡಸಿನ ದೇಹಕ್ಕಿಂತ ಹೆಂಗಸಿನ ದೇಹ ಹೆಚ್ಚು ಲೋಹವನ್ನು ಉಳಿಸಿಕೊಳ್ಳುತ್ತದೆ. ಜಿಂಜೂ ನದಿಯ ದಂಡೆಯಲ್ಲಿ ನರಳಿದವರಲ್ಲಿ ಹೆಂಗಸರೇ ಹೆಚ್ಚಾಗಿದ್ದುದು ಅಕಸ್ಮಾತ್ತಲ್ಲ.

ಊರಿಗೆ ಹಿಂತಿರುಗಿದರೆ ಸರಿಹೋಗುತ್ತದೆ ಎನ್ನುವವರಿಗಾಗಿ ಬೆಂಗಳೂರಿನ ಮಾತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂದು ನಾವು ಹಾಡಿ ಹೊಗಳುವ ವೃಷಭಾವತಿಯು ಕೆಂಗೇರಿ, ಬಿಡದಿ ದಾಟಿ ಬೈರಮಂಗಲದ ಕೆರೆ ಸೇರುವ ಹೊತ್ತಿಗೆ ನಗರದ ಕೊಳಚೆಯನ್ನೂ ಪೀಣ್ಯದಂಥ ಕೈಗಾರಿಕಾ ಪ್ರದೇಶದ ತ್ಯಾಜ್ಯವನ್ನೂ ಹೊತ್ತಿರುತ್ತಾಳೆ. ಬೈರಮಂಗಲದ ರೈತರು ಭತ್ತ ಬಿಟ್ಟು ಹುಲ್ಲು, ಎಳೆಜೋಳ, ಹಿಪ್ಪುನೇರಳೆಗೆ ಹೊರಳಿದರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಸಿದಾಗ ಮೊದಲ ತಿಂಗಳುಗಳಲ್ಲೇ ನೊರೆ ಕಾಣಿಸಿಕೊಂಡು ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಬತ್ತಿದ ಕೋಲಾರಕ್ಕೆ ನೀರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಎಂಥ ನೀರು ಎಂದು ಕೇಳಿದವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆದದ್ದು ಅನ್ಯಾಯ. ಬೆಂಗಳೂರಿನ ಎಂಪ್ರಿ ಸಂಸ್ಥೆ, ಅದು ಸರ್ಕಾರದ್ದೇ, ನಗರದ 20 ಅಂಗಡಿಗಳಿಂದ ಹತ್ತು ಬಗೆಯ ತರಕಾರಿಗಳ 400 ಮಾದರಿಗಳನ್ನು ಪರೀಕ್ಷಿಸಿತು. ಹಲವು ಮಾದರಿಗಳಲ್ಲಿ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಮಿತಿ ಮೀರಿದ್ದವೆಂಬ ವರದಿ 2023ರಲ್ಲಿ ಪತ್ರಿಕೆಗಳಲ್ಲಿ ಬಂದು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಆ ಪಟ್ಟಿಯಲ್ಲಿ ಸಾವಯವ ಅಂಗಡಿಗಳೂ ಇದ್ದವು. ಸಾವಯವವೆಂದರೆ ರಾಸಾಯನಿಕ ಗೊಬ್ಬರ, ಔಷಧಿ ಹಾಕಿಲ್ಲವೆಂದು ಅರ್ಥ. ನೀರಿನಲ್ಲಿ ಲೋಹವಿಲ್ಲವೆಂದು ಅರ್ಥವಲ್ಲ. ಹೆಚ್ಚು ಹಣ ಕೊಟ್ಟು ಒಬ್ಬೊಬ್ಬರೇ ಪಾರಾಗುವ ದಾರಿ ಇಲ್ಲಿಲ್ಲ.

ಬೆಂಗಳೂರಿನಲ್ಲಿಯೇ ನಮಗೆ ಧೈರ್ಯ ಕೊಡುವ ನಿದರ್ಶನವೊಂದಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು 1990ರ ದಶಕದಲ್ಲಿ ಮಕ್ಕಳ ರಕ್ತದ ಸೀಸವನ್ನು ಅಳೆಯುವ ಕೆಲಸಕ್ಕೆ ತೊಡಗಿ, ಏಳು ನಗರಗಳ ಅಧ್ಯಯನದಲ್ಲಿ ಪಾಲ್ಗೊಂಡು, ಪೆಟ್ರೋಲಿನ ಸೀಸದ ವಿರುದ್ಧ ವಾದಿಸಿದರು. 2000ದ ಇಸವಿಯಲ್ಲಿ ದೇಶದಲ್ಲೆಲ್ಲ ಸೀಸಸಹಿತ ಪೆಟ್ರೋಲು ನಿಂತಿತು. ಅಳೆದು ತೋರಿಸಿದಾಗ ಸರ್ಕಾರಗಳು ಅಲುಗುತ್ತವೆ.

ಹಾಗಾದರೆ ನಮ್ಮ ತರಕಾರಿಯನ್ನು ಅಳೆಯಬೇಕಾದವರು ಯಾರು? ಕಡತಗಳ ನಡುವೆ ಆಯುಷ್ಯ ಕಳೆದವನಾದ್ದರಿಂದ ಈ ಪ್ರಶ್ನೆಯ ಸ್ವಾರಸ್ಯ ನನಗೆ ಚೆನ್ನಾಗಿ ಗೊತ್ತು. ನೀರು ಮಾಲಿನ್ಯ ಮಂಡಳಿಯದು, ಮಣ್ಣು ಕೃಷಿ ಇಲಾಖೆಯದು, ಮಾರುಕಟ್ಟೆ ಇನ್ನೊಂದರದು, ಆಹಾರ ಸುರಕ್ಷತೆ ಮತ್ತೊಂದರದು. 2015ರಿಂದ ರೈತರಿಗೆ ಕೊಡುತ್ತಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ; ಸತು, ಕಬ್ಬಿಣ, ತಾಮ್ರ ಬೆಳೆಗೆ ಸಾಕಷ್ಟು ಇವೆಯೇ ಎಂದು ಅದು ನೋಡುತ್ತದೆ, ಸೀಸ ಕ್ಯಾಡ್ಮಿಯಂ ಕಾಲಂಗಳೇ ಅದರಲ್ಲಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 18ನೆಯ ಪ್ರಕರಣವು ರೈತನನ್ನೂ, ಹೊಲದ ಮಟ್ಟದಲ್ಲಿ ಅವನ ಬೆಳೆಯನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇದು ನ್ಯಾಯವಾದುದೇ; ತಾನು ಬಿಡದ ವಿಷಕ್ಕಾಗಿ ರೈತ ಕಟಕಟೆ ಹತ್ತಬಾರದು. ಆದರೆ ಇದರ ಫಲ ನೋಡಿ. ದಲ್ಲಾಳಿಯ ಕೈ ಸೇರಿದ ಸೊಪ್ಪಿನ ಮೇಲೆ ಕಾಯಿದೆಯ ಕಣ್ಣಿದೆ. ರೈತನೇ ತಂದು ಮಾರುವ ಸೊಪ್ಪಿನ ಮೇಲೆ ಆ ಕಣ್ಣು ಅಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. 1999ರ ಜನವರಿ 26ರಂದು ಆರಂಭವಾದ ರೈತು ಬಜಾರುಗಳನ್ನು ನಾನು ಮೆಚ್ಚುತ್ತೇನೆ. ದಲ್ಲಾಳಿಯನ್ನು ದೂರವಿಟ್ಟು ರೈತನಿಗೂ ಗೃಹಿಣಿಗೂ ಉಪಕಾರ ಮಾಡಿದ ಅಂಥ ವ್ಯವಸ್ಥೆ ನಮ್ಮ ಕರ್ನಾಟಕದಲ್ಲಿ ಅಷ್ಟು ಬೇರೂರಲಿಲ್ಲ. ವಿಚಿತ್ರವೆಂದರೆ ರೈತನಿಗೆ ನಾವು ಹತ್ತಿರವಾದಷ್ಟೂ ಪರೀಕ್ಷೆಯಿಂದ ದೂರವಾಗಿದ್ದೇವೆ.

ಆದರೆ ಅದೇ ರೈತು ಬಜಾರಿನಲ್ಲಿ ಬೇರೆ ಮಾರುಕಟ್ಟೆಗಳಲ್ಲಿಲ್ಲದ ಒಂದು ಸೌಕರ್ಯವಿದೆ. ಅಲ್ಲಿ ಮಾರುವ ರೈತನಿಗೆ ಗುರುತಿನ ಚೀಟಿಯಿದೆ, ಅದರಲ್ಲಿ ಅವನ ಊರಿದೆ. ಯಾವ ಸೊಪ್ಪು ಯಾವ ಹಳ್ಳಿಯದು ಎಂದು ದಾಖಲೆಯಿಂದ ಹೇಳಬಹುದು. ಬಾಗಿಲಲ್ಲಿ ದಿನದ ಬೆಲೆ ಬರೆಯುವ ಫಲಕವಿದೆ. ಅದರ ಪಕ್ಕದಲ್ಲಿ ಇನ್ನೊಂದು ಫಲಕ ಬರಲಿ ಎಂಬುದು ನನ್ನ ಸೂಚನೆ. ಪ್ರತಿ ಮೂರು ತಿಂಗಳಿಗೊಮ್ಮೆ ಆ ಹಳ್ಳಿಗಳ ನೀರಾವರಿ ನೀರನ್ನು ಪರೀಕ್ಷಿಸಿ, ರೈತನ ಹೆಸರು ಹಾಕದೆ, ನೀರಿನ ಮೂಲದ ಹೆಸರು ಮಾತ್ರ ಹಾಕಿ, ಸೀಸ ಇಷ್ಟು, ಕ್ಯಾಡ್ಮಿಯಂ ಇಷ್ಟು ಎಂದು ಬರೆಯಲಿ. ಸೊಪ್ಪನ್ನು ಪರೀಕ್ಷಿಸಿದರೆ ಸಿಕ್ಕಿಬೀಳುವವಳು ಬುಟ್ಟಿಯ ಹೆಂಗಸು. ಅವಳ ಒಂದು ದಿನದ ಬಂಡವಾಳ ಗುಂಡಿಗೆ ಹೋಗುತ್ತದೆ, ಕಾಲುವೆ ಹಾಗೆಯೇ ಹರಿಯುತ್ತದೆ. ನೀರನ್ನು ಪರೀಕ್ಷಿಸಿದರೆ ಮೇಲಕ್ಕೆ ಹೋಗಿ ಅದನ್ನು ಕೆಡಿಸಿದವರನ್ನು ಕೇಳಬೇಕಾಗುತ್ತದೆ. ಆ ಮೇಲಿನವರಲ್ಲಿ ನಮ್ಮ ಕಾರ್ಖಾನೆಗಳಿವೆ, ನಮ್ಮ ಕಾಲೊನಿಗಳ ಒಳಚರಂಡಿಯಿದೆ, ನಮ್ಮ ಹಳೆಯ ಬ್ಯಾಟರಿಗಳಿವೆ.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬೇಕೆಂದು ಕೇಳುತ್ತೀರಿ. ಸೊಪ್ಪನ್ನು ಬಿಡಬೇಡಿ, ಅದನ್ನು ಬಿಟ್ಟರೆ ಆಗುವ ನಷ್ಟ ಹೆಚ್ಚು. ಒಂದೇ ಕಡೆಯಿಂದ ಒಂದೇ ಸೊಪ್ಪನ್ನು ದಿನವೂ ತರಬೇಡಿ, ಬದಲಿಸುತ್ತಿರಿ. ಹೆದ್ದಾರಿಯ ಅಂಚಿನಲ್ಲಿ ಬೆಳೆದದ್ದು ಗೊತ್ತಿದ್ದರೆ ಬಿಡಿ. ಚೆನ್ನಾಗಿ ತೊಳೆಯಿರಿ, ಗೆಡ್ಡೆಗಳ ಸಿಪ್ಪೆ ತೆಗೆಯಿರಿ. ಮನೆಯ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪರೀಕ್ಷಿಸಿ, ಕೊರತೆಯಿದ್ದರೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಪ್ಪದೆ ಕೊಡಿಸಿ. ಇಷ್ಟೇ.

ಸರ್ಕಾರಿ ನೌಕರನಾಗಿ ನೀನು ಇದೆಲ್ಲ ಮಾತನಾಡಬಹುದೇ ಎಂದು ಒಬ್ಬ ಹಿರಿಯರು ಬೆಳಿಗ್ಗೆ ಕೇಳಿದರು. 1964ರ ನಡತೆ ನಿಯಮಗಳ 9ನೆಯ ನಿಯಮ ಸರ್ಕಾರದ ಟೀಕೆಯನ್ನು ನಿಷೇಧಿಸುತ್ತದೆ. ಮಾಹಿತಿ ಕೇಳುವ ನಾಗರಿಕನನ್ನು ನಿಷೇಧಿಸುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಹಕ್ಕಿರುವುದು ನಾಗರಿಕನಿಗೆ, ಸಂಘಕ್ಕಲ್ಲ. ಆದುದರಿಂದ ಅರ್ಜಿಗಳು ನಮ್ಮ ನಮ್ಮ ಹೆಸರಿನಲ್ಲೇ ಹೋಗಬೇಕು. ಎರಡು ನಗರಗಳಿಗೂ ಪ್ರತ್ಯೇಕವಾಗಿ ಕರಡು ಸಿದ್ಧಪಡಿಸಿದ್ದೇನೆ. ಅದರಲ್ಲಿ ಮೂರು ಪ್ರಶ್ನೆಗಳಿವೆ: ಕಳೆದ ಮೂರು ವರ್ಷಗಳಲ್ಲಿ ನಗರದ ಮಾರುಕಟ್ಟೆಗಳ ಎಷ್ಟು ತರಕಾರಿ ಮಾದರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಪರೀಕ್ಷಿಸಲಾಯಿತು, ಫಲಿತಾಂಶವೇನು, ರೈತು ಬಜಾರಿಗೆ ಬರುವ ಹಳ್ಳಿಗಳ ನೀರಾವರಿ ನೀರನ್ನು ಯಾವ ಕಚೇರಿ, ಎಷ್ಟು ಸಲ ಪರೀಕ್ಷಿಸಿದೆ, ಮಿತಿ ಮೀರಿದ್ದು ಕಂಡಾಗ ಮೇಲ್ಭಾಗದ ಯಾವ ಘಟಕದ ಮೇಲೆ ಏನು ಕ್ರಮವಾಯಿತು. ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲೆ ತೆಲುಗಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಇವೆ. ವಿಜಯವಾಡದವರು ಬಲಗಡೆಯ ಕಟ್ಟನ್ನು ತೆಗೆದುಕೊಳ್ಳಬೇಕು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಂದ ಉತ್ತರಗಳನ್ನು, ಬಾರದಿದ್ದರೆ ಆ ಸಂಗತಿಯನ್ನು, ನಮ್ಮ ತ್ರೈಮಾಸಿಕದಲ್ಲಿ ಪ್ರಕಟಿಸಲು ಸಂಪಾದಕರು ಒಪ್ಪಿದ್ದಾರೆ.